ಎರಡು ಪರದೆಯ ಮೊಲ

ಸೋಮವಾರ, ಜೂನ್ 3

ಡಾಕ್ಟರು ಬಾಯಿಗೆ ಬೀಗ ಜಡಿದಿದ್ದಾರೆ. ಗಂಟಲಲ್ಲಿದ್ದ ಗಂಟನ್ನು ತೆಗೆದಾಯಿತು, ಕೆಟ್ಟದ್ದೇನೂ ಅಲ್ಲವಂತೆ. ಆದರೆ ಗಾಯ ಆರುವ ತನಕ ಒಂದಕ್ಷರವೂ ಆಡಬಾರದಂತೆ. ಮೂರು ವಾರ! ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಊರಿನಲ್ಲಿ ನನ್ನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ‘ಮೈಕು’. ನಿದ್ದೆಯಲ್ಲೂ ಬಸ್ಸು ಬಿಡುತ್ತೇನೆ ಎಂದು ಇವಳು, ನನ್ನ ಹೆಂಡತಿ, ಹೇಳುತ್ತಾಳೆ. ಮಾತಾಡದೆ ಇದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ, ಅದಕ್ಕೇ ಈ ಬರವಣಿಗೆ. ಬರೆಯುವವನೂ ನಾನೇ, ಕೇಳುವವನೂ ನಾನೇ.

ದನಿ ಮೊದಲಿನ ಹಾಗೆ ಬರುತ್ತದೆಯೇ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಡಾಕ್ಟರು “ನೋಡೋಣ” ಅಂದರು. ಆ ‘ನೋಡೋಣ’ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನಿಲ್ದಾಣದ ಸೂಪರಿಂಟೆಂಡೆಂಟರು ಆಗಲೇ ರೆಕಾರ್ಡು ಮಾಡಿದ ದನಿಯ ಯಂತ್ರವೊಂದನ್ನು ತರಿಸಿದ್ದಾರೆ. “ನೀವು ಬರೋವರೆಗೆ ಅಷ್ಟೇ” ಎಂದು ಹೇಳಿ ಕಳಿಸಿದರು. ಬರದೇ ಹೋದರೆ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಇವಳ ತಮ್ಮ ನೋಡಲು ಬಂದಿದ್ದ. ರೇಡಿಯೊ, ಟೀವಿ ರಿಪೇರಿಯ ಅಂಗಡಿ ಅವನದು. ಆಳೂ ಸಣಕಲು, ಕೈಯಲ್ಲೂ ಸದಾ ತಂತಿ. ಹಾಗಾಗಿ ಎಲ್ಲರ ಬಾಯಲ್ಲೂ ‘ತಂತಿ’. ಅವನಿಗೆ ಮಾತು ತೊದಲುತ್ತದೆ, ಪದದ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಾನೆ. ಪಾಪ, ಒದ್ದಾಡಬಾರದಲ್ಲ ಎಂದು ಇಷ್ಟು ವರ್ಷವೂ ಅವನ ಮಾತನ್ನು ನಾನೇ ಮುಗಿಸಿಕೊಡುತ್ತ ಬಂದಿದ್ದೇನೆ. ಇವತ್ತು “ಭಾವ, ಅಂ... ಅಂ...” ಎಂದು ನಿಂತ. ನಾನು ಗಡಿಬಿಡಿಯಿಂದ ಸ್ಲೇಟಿನ ಮೇಲೆ ‘ಅಂಗಡಿಗೆ ರಜೆಯಾ?’ ಎಂದು ಬರೆದೆ. ತಲೆಯಾಡಿಸಿ, ಚಹಾ ಕುಡಿದು ಎದ್ದು ಹೋದ.

ಗುರುವಾರ, ಜೂನ್ 6

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತೇ ಇಲ್ಲದವನಿಗೆ ಜಗಳ ಆಡುವ ಸುಖವೂ ಇಲ್ಲ. ಇವಳು ಮೂರು ದಿನದಿಂದ ಪ್ರತಿ ವಾದದಲ್ಲೂ ಗೆಲ್ಲುತ್ತಿದ್ದಾಳೆ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ಬಸ್ಸುಗಳನ್ನು ಪಿಸುಮಾತಿನಲ್ಲಿ ಕಳಿಸಿಬಂದೆ. ಯಾರಿಗೂ ಗೊತ್ತಾಗಿಲ್ಲ.

ಶನಿವಾರ, ಜೂನ್ 8

ಎಂಥ ದಿನ! ತಂತಿಯ ಅಂಗಡಿಗೆ ಹೋಗಿದ್ದೆ. ಸೋಮವಾರ ಅವನು ಹೇಳಹೊರಟದ್ದು ‘ಅಂಗಡಿಗೆ ಬನ್ನಿ’ ಅಂತೆ. ರಜೆಯೂ ಇಲ್ಲ, ಮಣ್ಣೂ ಇಲ್ಲ.

ಮೇಜಿನ ಮೇಲೆ ಎರಡು ಹಳೆಯ ಕಂಪ್ಯೂಟರುಗಳು. ಮನೆಯ ಟೀವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದ ಕಾಲದವು. ಒಂದು ಕರಿಯದು, ಪುಸ್ತಕದಷ್ಟೇ ಅಗಲ, ರಬ್ಬರಿನ ಗುಂಡಿಗಳು. ಇನ್ನೊಂದು ದಪ್ಪನೆಯದು, ಹಳದಿಗಟ್ಟಿದ ಬಣ್ಣ, ಟೈಪ್‌ರೈಟರಿನ ಹಾಗೆ ಟಕಟಕ ಎನ್ನುತ್ತದೆ. ಬರೆದದ್ದನ್ನು ಉಳಿಸಿಕೊಳ್ಳಬೇಕಾದರೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟೇ ಗತಿ. ಕ್ಯಾಸೆಟ್ ಹಾಕಿದಾಗ ‘ಕೀಈಈ’ ಎಂದು ಕಿರುಚಿದ್ದಕ್ಕೆ ಪಕ್ಕದ ಅಂಗಡಿಯ ದರ್ಜಿ ಓಡಿ ಬಂದ. ಬೆಕ್ಕಿನ ಬಾಲ ತುಳಿದಿರಿ ಎಂದುಕೊಂಡನಂತೆ.

ಬಸ್ ಕಂಪನಿಗೆ ಐವತ್ತು ತುಂಬುತ್ತಿದೆ. ಜುಲೈ ಹದಿಮೂರಕ್ಕೆ ನಿಲ್ದಾಣದ ಹಾಲಿನಲ್ಲಿ ಪ್ರದರ್ಶನ. ತಂತಿ ತನ್ನ ಹೆಸರು ಕೊಟ್ಟುಬಿಟ್ಟಿದ್ದಾನೆ! ಊರವರೆಲ್ಲ ಹುಟ್ಟಿದಾಗಿನಿಂದ ನೋಡುತ್ತಿರುವ ಬಸ್ಸಿನ ಗುರುತನ್ನು, ಅದೇ ಬಸ್ಸಿನ ಮೈಮೇಲೆ ಬಿಡಿಸಿದ ಚಕ್ರ ದಾಟಿ ಓಡುವ ಆ ಬಿಳಿ ಮೊಲವನ್ನು, ಈ ಹಳೆಯ ಯಂತ್ರದಲ್ಲಿ ಬಿಡಿಸಿ ನಿಜವಾಗಿ ಓಡಿಸುತ್ತಾನಂತೆ. ಅದಕ್ಕೆ ಇಬ್ಬರು ಬೇಕು. ಒಬ್ಬ ಲೆಕ್ಕ ಓದಬೇಕು, ಇನ್ನೊಬ್ಬ ಗುಂಡಿ ಒತ್ತಬೇಕು. ನನಗೆ ಬೇರೆ ಕೆಲಸವೇನಿದೆ? ಸ್ಲೇಟಿನ ತುಂಬ ‘ನಾನು! ನಾನು!’ ಎಂದು ಬರೆದೆ.

ಮಂಗಳವಾರ, ಜೂನ್ 11

ಮೊದಲ ದಿನವೇ ತಕರಾರು. ಮೊಲಕ್ಕೆ ಎಷ್ಟು ಕಾಲು? ತಂತಿ ಕಾಗದದ ಮೇಲೆ ನಾಲ್ಕು ಬರೆದ. ನಾನು ಒಂದು ಅಳಿಸಿದೆ. ನಮ್ಮ ಬಸ್ಸಿನ ಮೊಲಕ್ಕೆ ಮೂರು. ದಿನಕ್ಕೆ ನೂರು ಸಲ ಅದನ್ನು ನೋಡಿದವನು ನಾನು. ಅವನು “ಭಾವ, ನಾ... ನಾಲ್ಕನೇದು...” ಎಂದು ಶುರುಮಾಡಿದ. ನಾನು ಸ್ಲೇಟನ್ನು ಅವನ ಮೂಗಿಗೇ ಹಿಡಿದೆ: ಮೂರು, ಮೂರು, ಮೂರು.

ಇವಳು ನಕ್ಕು ಸುಸ್ತಾದಳು. “ಬಾಯಿ ಕಟ್ಟಿದ್ರೂ ನಿಮ್ಮ ಮೊಲಕ್ಕೆ ಮೂರೇ ಕಾಲು ನೋಡಿ!”

ಬುಧವಾರ, ಜೂನ್ 12

ನಿಲ್ದಾಣಕ್ಕೆ ಹೋಗಿ ಕಣ್ಣಾರೆ ನೋಡಿ ಬಂದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಐದೂ ಬಸ್ಸುಗಳನ್ನು ಸುತ್ತಿದೆ. ಮೂರೇ ಕಾಲು! ಕುಣಿದಾಡಬೇಕು ಅನ್ನಿಸಿತು. ಅಷ್ಟರಲ್ಲಿ ಮೇಲಿನ ಸ್ಪೀಕರಿನಿಂದ ಆ ಯಂತ್ರದ ದನಿ ಬಂತು. ಸ್ವಚ್ಛವಾಗಿದೆ. ಒಂದು ಉಚ್ಚಾರವೂ ತಪ್ಪಿಲ್ಲ, ಕೆಮ್ಮಿಲ್ಲ, ಉಸಿರೂ ಇಲ್ಲ. ಬೆಂಚಿನ ಮೇಲೆ ಕೂತವರು ಯಾರೂ ತಲೆ ಎತ್ತಲಿಲ್ಲ, ಆದರೆ ಬಸ್ಸು ಮಾತ್ರ ಎಲ್ಲರೂ ಹತ್ತಿದರು. ಕುಣಿಯುವ ಮನಸ್ಸು ಹೋಯಿತು.

ಅಂಗಡಿಗೆ ಬಂದು ಸ್ಲೇಟು ತೋರಿಸೋಣವೆಂದರೆ ಬಳಪ ಎಲ್ಲೋ ಬಿದ್ದುಹೋಗಿತ್ತು. ಬೆರಳಲ್ಲೇ ಮೂರು ತೋರಿಸಿದೆ. ತಂತಿ ತಲೆಯಾಡಿಸಿ ನಿನ್ನೆಯ ಮಾತನ್ನೇ ಮತ್ತೆ ಶುರುಮಾಡಿದ. ನನ್ನ ಹತ್ತಿರ ಬಳಪವೂ ಇಲ್ಲ, ಬಾಯಿಯೂ ಇಲ್ಲ. ಕೂತು ಕೇಳಿದೆ.

“ನಾ... ನಾಲ್ಕನೇದು ಚಕ್ರದ ಹಿಂದೆ ಇದೆ ಭಾವ. ನಿಂತ ಮೊಲಕ್ಕೆ ಮೂರು ಸಾಕು. ಓ... ಓಡಬೇಕಾದ್ರೆ ಅದು ಹೊರಗೆ ಬರಲೇಬೇಕಲ್ಲ.”

ಅಲ್ಲ, ಇಷ್ಟು ಸೊಗಸಾದ ಮಾತನ್ನು ನಿನ್ನೆಯೇ ಹೇಳಬಾರದಿತ್ತೇ ಇವನು!

ಶನಿವಾರ, ಜೂನ್ 15

ಚಿತ್ರ ಬಿಡಿಸುವುದರಲ್ಲಿ ನಾವಿಬ್ಬರೂ ಸೊನ್ನೆ. ಚೌಕುಳಿ ಕಾಗದದ ಮೇಲೆ ಚೌಕ ತುಂಬಿ ತುಂಬಿ ಮೊಲ ಮಾಡಬೇಕು. ನಮ್ಮದು ಒಂದು ಸಲ ಇಲಿಯಾಯಿತು, ಇನ್ನೊಂದು ಸಲ ಕೊಡಪಾನವಾಯಿತು. ಇವಳು ಬಂದು ಹಿಂದೆ ನಿಂತಳು. “ಕೊಡಿ ಇಲ್ಲಿ” ಎಂದು ಪೆನ್ಸಿಲ್ ಕಸಿದುಕೊಂಡಳು. ಶಾಲೆಯಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸುವವಳು, ದಿಂಬಿನ ಮೇಲೆ ಅಡ್ಡಹೊಲಿಗೆಯಲ್ಲಿ ಹೂವು, ಹಕ್ಕಿ ತೆಗೆಯುವುದು ಅವಳಿಗೆ ಲೀಲಾಜಾಲ. ಅದೂ ಚೌಕವೇ, ಇದೂ ಚೌಕವೇ. ಬೇಳೆ ಬೇಯುವಷ್ಟರಲ್ಲಿ ನಾಲ್ಕು ಮೊಲ ಮಾಡಿಕೊಟ್ಟಳು: ಕಾಲು ಮುದುಡಿದ್ದು, ಚಿಮ್ಮಿದ್ದು, ಗಾಳಿಯಲ್ಲಿದ್ದು, ನೆಲ ಮುಟ್ಟಿದ್ದು. ಒಂದಾದ ಮೇಲೊಂದು ತೋರಿಸಿದರೆ ಓಟ!

“ಕಿವಿ ಹಿಂದಕ್ಕೆ ಬೀಳಬೇಕು, ಇಲ್ದಿದ್ರೆ ಅದು ಓಡ್ತಿಲ್ಲ, ಸುಮ್ನೆ ನೆಗೀತಿದೆ ಅನ್ಸುತ್ತೆ” ಅಂದಳು. ಇವಳಿಗೆ ಇದೆಲ್ಲ ಗೊತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಸೋಮವಾರ, ಜೂನ್ 17

ಇವತ್ತು ನನ್ನಿಂದ ಅನಾಹುತ.

ಲೆಕ್ಕ ಹೀಗಿದೆ. ಅಡ್ಡಸಾಲಿನ ಎಂಟೆಂಟು ಚೌಕಕ್ಕೆ ಒಂದೊಂದು ಸಂಖ್ಯೆ. ಪ್ರತಿ ಚೌಕಕ್ಕೂ ಒಂದು, ಎರಡು, ನಾಲ್ಕು, ಎಂಟು ಹೀಗೆ ಬೆಲೆ, ಯಾವ ಚೌಕ ತುಂಬಿದೆಯೋ ಅದರ ಬೆಲೆ ಕೂಡಿಸುತ್ತ ಹೋಗಬೇಕು. ತಂತಿ ಕೂಡಿಸಿ ಗಟ್ಟಿಯಾಗಿ ಓದುತ್ತಾನೆ, ನಾನು ಗುಂಡಿ ಒತ್ತುತ್ತೇನೆ. ಸರಿಯಾಗಿಯೇ ನಡೆದಿತ್ತು. “ನೂ... ನೂ...” ಎಂದು ಅವನು ನಿಂತಾಗ ನಾನು ನೂರು ಒತ್ತಿ ಮುಂದೆ ಹೋದೆ. “ಇ... ಇಪ್ಪ...” ಎಂದಾಗ ಇಪ್ಪತ್ತು ಒತ್ತಿದೆ. ಕೆಲಸ ಬೇಗ ಸಾಗುತ್ತಿದೆ ಎಂದು ನನಗೆ ಒಳಗೊಳಗೇ ಹಿಗ್ಗು. ಎಲ್ಲ ಮುಗಿದ ಮೇಲೆ ಪರದೆ ನೋಡಿದರೆ ಮೊಲಕ್ಕೆ ಹುಳ ಹಿಡಿದಿದೆ! ಕಿವಿಯಲ್ಲಿ ತೂತು, ಹೊಟ್ಟೆಯಲ್ಲಿ ತೂತು, ಬಾಲ ಬೇರೆ ಊರಿನಲ್ಲಿ. ಅವನು ಹೇಳುತ್ತಿದ್ದುದು ನೂರಿಪ್ಪತ್ತಾರು, ಇಪ್ಪತ್ತನಾಲ್ಕು. ನಾನು ಅರ್ಧಕ್ಕೇ ಮುಗಿಸಿದ್ದೆ.

ಮಧ್ಯಾಹ್ನದ ಕೆಲಸವೆಲ್ಲ ನೀರಿನಲ್ಲಿ ಹೋಮ. ತಂತಿ ಬೈಯಲಿಲ್ಲ. ಇವಳು ಬಿಡುತ್ತಾಳೆಯೇ? “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರಿ” ಅಂದಳು. “ಅವನ ಮಾತಿಗೂ ನೀವು ಇಷ್ಟು ವರ್ಷ ಹೀಗೇ ತೂತು ಮಾಡಿದ್ದು.” ತಮಾಷೆಗೆ ಅಂದಳು ಅಂತ ಕಾಣುತ್ತದೆ.

ಗುರುವಾರ, ಜೂನ್ 20

ಹೊಸ ಪದ್ಧತಿ. ಅವನು ಸಂಖ್ಯೆ ಹೇಳುವಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು. ಪೂರ್ತಿ ಹೊರಗೆ ಬಂದ ಮೇಲೆಯೇ ಕೈ ಹೊರಗೆ. ಮೊದಮೊದಲು ಇರುವೆ ಹತ್ತಿದ ಹಾಗೆ ಆಗುತ್ತಿತ್ತು. ಆಮೇಲೆ ಒಂದು ವಿಚಿತ್ರ ಗಮನಿಸಿದೆ. ನಾನು ಅವನ ಬಾಯನ್ನೇ ನೋಡುತ್ತ ಕೂತರೆ ಅವನು ಹೆಚ್ಚು ತೊದಲುತ್ತಾನೆ. ಪರದೆ ನೋಡುತ್ತ ಕೂತರೆ ಸಲೀಸು. ಪರದೆಯನ್ನೇ ನೋಡಿದೆ.

ಮೊಲ ನಿಂತಿತು! ಕಿತ್ತಳೆ ಬಣ್ಣದ ಮೇಲೆ ಬಿಳಿಯ ಮೊಲ, ಥೇಟ್ ನಮ್ಮ ಬಸ್ಸಿನದೇ! ದರ್ಜಿಯನ್ನು ಕರೆದು ತೋರಿಸಿದೆವು. “ಅರೆ, ನಾಲ್ಕನೇ ಕಾಲು ಎಲ್ಲಿಂದ ಬಂತು?” ಅಂದ. ನಮಗೆ ನಗು ತಡೆಯಲಾಗಲಿಲ್ಲ. ನನ್ನದು ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಕುಣಿಯಿತು.

ಸೋಮವಾರ, ಜೂನ್ 24

ಸಿಕ್ಕಿಬಿದ್ದೆ. ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿ, “ಪಿಸುಮಾತಾಡಿದ್ರಾ?” ಎಂದು ನೇರವಾಗಿ ಕೇಳಿದರು. ಪಿಸುಮಾತು ಮಾತಿಗಿಂತ ಕೆಟ್ಟದ್ದಂತೆ, ಯಾರಿಗೆ ಗೊತ್ತಿತ್ತು? ಗಾಯ ಕೆಂಪಾಗಿದೆ. ಇನ್ನೂ ಮೂರು ವಾರ ಮೌನ. ಜುಲೈ ಹದಿಮೂರರ ಬೆಳಿಗ್ಗೆ ಮತ್ತೆ ನೋಡುತ್ತಾರೆ.

ಸೂಪರಿಂಟೆಂಡೆಂಟರು ಹದಿನೈದರಂದು ತೀರ್ಮಾನ ಮಾಡುತ್ತಾರಂತೆ. ಅವತ್ತು ನಾನು ಮೈಕಿನಲ್ಲಿ ಒಂದು ಘೋಷಣೆ ಮಾಡಿ ತೋರಿಸಬೇಕು. ಆಗದಿದ್ದರೆ ಸಾಮಾನು ಸಾಗಿಸುವ ಕೊಠಡಿಯಲ್ಲಿ ಚೀಟಿ ಅಂಟಿಸುವ ಕೆಲಸ. ಚೀಟಿ ಅಂಟಿಸುವುದು ಕೀಳು ಎಂದಲ್ಲ. ಆದರೆ ನನಗೆ ಭಯವಾಗಿದೆ. ಬಚ್ಚಲುಮನೆಯ ಬಸ್ಸುಗಳು ಇವತ್ತಿನಿಂದ ಬಂದ್.

ಶುಕ್ರವಾರ, ಜೂನ್ 28

ಓಡಿತು, ಓಡಿತು, ಓಡಿತು!

ಬೆಳಿಗ್ಗೆ ಕರೆಂಟು ಹೋಗಿ ಬಂತು, ಕ್ಯಾಸೆಟ್ಟಿಗೆ ಹಾಕಿಟ್ಟಿದ್ದರಿಂದ ಬದುಕಿದೆವು. ಹನ್ನೊಂದರ ಸುಮಾರಿಗೆ ತಂತಿ ಕೊನೆಯ ಸಾಲು ಓದಿದ, ನಾನು ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಎಡ ಅಂಚಿನಿಂದ ಒಂದು ಮೂಗು, ಒಂದು ಕಿವಿ, ಆಮೇಲೆ ಪೂರಾ ಮೊಲ! ಕಾಲು ಮುದುಡಿ, ಚಿಮ್ಮಿ, ಗಾಳಿಯಲ್ಲಿ ತೇಲಿ, ನೆಲ ಮುಟ್ಟಿ, ಬಲ ಅಂಚಿನಲ್ಲಿ ಮಾಯ. ಮತ್ತೆ ಎಡದಿಂದ ಬಂತು. ನಾವಿಬ್ಬರೂ ಅದು ಊರು ಸುತ್ತಿ ಬರುವುದನ್ನು ಎಷ್ಟು ಸಲ ನೋಡಿದೆವೋ! ದರ್ಜಿ ಗಿರಾಕಿಯ ಅಳತೆ ಅರ್ಧಕ್ಕೆ ಬಿಟ್ಟು, ಪಟ್ಟಿಯನ್ನು ಕುತ್ತಿಗೆಯಲ್ಲೇ ನೇತುಹಾಕಿಕೊಂಡು ಬಂದು ನಿಂತ. ಗಿರಾಕಿಯೂ ಹಿಂದೆಯೇ ಬಂದ.

ತಂತಿ ಡಬ್ಬಿಯೊಂದರಿಂದ ಹಳೆಯ ಕ್ಯಾಸೆಟ್ ತೆಗೆದು ತೋರಿಸಿದ. ಅದರಲ್ಲೂ ಇದೇ ಮೊಲ, ಅರ್ಧ ಮಾತ್ರ. ನಮ್ಮ ಮದುವೆಯಾದ ವರ್ಷ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಶುರುಮಾಡಿದ್ದನಂತೆ. ಜೊತೆಗೆ ಒಬ್ಬರು ಇಲ್ಲದೆ ಬಿಟ್ಟನಂತೆ. ‘ನನಗೆ ಹೇಳಬಾರದಿತ್ತೇನೋ?’ ಎಂದು ಸ್ಲೇಟಿನ ಮೇಲೆ ಬರೆದೆ.

ಅವನು ಓದಿ ನಕ್ಕ. “ಹೇ... ಹೇಳೋಕೆ ಶುರು ಮಾಡಿದ್ದೆ ಭಾವ.”

ನಾನು ಸ್ಲೇಟು ಒರೆಸಿ ಪಕ್ಕಕ್ಕಿಟ್ಟೆ. ಮೊಲ ಓಡುತ್ತಲೇ ಇತ್ತು.

ಬುಧವಾರ, ಜುಲೈ 3

ತಂತಿಗೆ ಹೊಸ ಹುಚ್ಚು, ನನಗೆ ಅದಕ್ಕಿಂತ ದೊಡ್ಡ ಹುಚ್ಚು. ಎರಡು ಯಂತ್ರ, ಎರಡು ಟೀವಿ ಪಕ್ಕಪಕ್ಕ. ಮೊಲ ಕರಿಯ ಯಂತ್ರದ ಪರದೆಯಿಂದ ಹಾರಿ ದಪ್ಪ ಯಂತ್ರದ ಪರದೆಗೆ ಬರಬೇಕು! ಆದರೆ ದಪ್ಪ ಯಂತ್ರದ ಚೌಕಗಳು ಅಗಲ. ಅದೇ ಸಂಖ್ಯೆಗಳನ್ನು ಕೊಟ್ಟರೆ ಮೊಲ ಹೋಗಿ ಹಂದಿಯಾಯಿತು. ಇವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಾಲ್ಕೂ ಮೊಲಗಳನ್ನು ತೆಳ್ಳಗೆ ಮಾಡಿ ಮತ್ತೆ ಬರೆದುಕೊಟ್ಟಳು. “ಮನುಷ್ಯರನ್ನೂ ಹೀಗೆ ತೆಳ್ಳಗೆ ಮಾಡೋ ಹಾಗಿದ್ರೆ” ಎಂದು ನನ್ನ ಹೊಟ್ಟೆ ನೋಡಿದಳು. ತಂತಿ ಅದಕ್ಕೆ ಏನೋ ಸೇರಿಸಲು ಬಾಯಿ ತೆರೆದ. ನಾವಿಬ್ಬರೂ ಕಾದೆವು. “ಭಾ... ಭಾವಂಗೆ ಚೌಕ ಸಾಲಲ್ಲ ಅಕ್ಕ” ಅಂದ! ಇವನು ಇಷ್ಟು ತಮಾಷೆಯ ಮನುಷ್ಯ ಯಾವಾಗ ಆದನೋ?

ಸೋಮವಾರ, ಜುಲೈ 8

ತಾಲೀಮು. ಮೊದಲ ಪರದೆಯಲ್ಲಿ ಮೊಲದ ಬಾಲ ಮರೆಯಾದ ಕ್ಷಣಕ್ಕೆ ನಾನು ಎರಡನೇ ಯಂತ್ರದ ಗುಂಡಿ ಒತ್ತಬೇಕು. ಸುಲಭ ಎನ್ನಿಸುತ್ತದೆ. ನಾನು ಪ್ರತಿ ಸಲವೂ ಮುಂಚೆಯೇ ಒತ್ತುತ್ತೇನೆ. ಒಂದು ಇನ್ನೂ ಹೋಗಿರುವುದಿಲ್ಲ, ಇನ್ನೊಂದು ಬಂದಿರುತ್ತದೆ. “ಮೊಲ ಮರಿ ಹಾಕ್ತು” ಎಂದು ಇವಳು ಚಪ್ಪಾಳೆ ತಟ್ಟುತ್ತಾಳೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆಯನ್ನು ಇವತ್ತು ಇಬ್ಬರಿಂದಲೂ ಕೇಳಿಸಿಕೊಂಡೆ.

ಶನಿವಾರ ಡಾಕ್ಟರು ಬಾಯಿ ಬಿಡಿಸಿದರೆ ಹಾಲಿನಲ್ಲಿ ಮೊದಲು ಏನು ಹೇಳಬೇಕು ಎಂದು ತಯಾರು ಮಾಡಿಟ್ಟಿದ್ದೇನೆ: ‘ಪ್ರಯಾಣಿಕರ ಗಮನಕ್ಕೆ, ಐವತ್ತು ವರ್ಷ ತಡವಾಗಿ ನಮ್ಮ ಮೊಲ ಈಗ ಹೊರಡುತ್ತಿದೆ!’ ಹೇಗಿದೆ? ಹಾಲಿನ ಚಾವಣಿ ಹಾರಿಹೋಗಬೇಕು.

ಶನಿವಾರ, ಜುಲೈ 13

ಎಲ್ಲಿಂದ ಬರೆಯಲಿ! ಬೆಳಿಗ್ಗೆ ಡಾಕ್ಟರು ನೋಡಿ, “ಆರಿದೆ. ಇವತ್ತಿಂದ ಸ್ವಲ್ಪ ಸ್ವಲ್ಪ ಮಾತಾಡಬಹುದು, ಕಿರುಚಬೇಡಿ” ಅಂದರು. ಅಲ್ಲೇ ‘ಆ’ ಎನ್ನಿಸಿದರು. ಬಂತು. ಒರಟಾಗಿ, ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ, ಆದರೆ ಬಂತು. ಕಣ್ಣಲ್ಲಿ ನೀರು ಬಂತು, ಬರಲಿ. ಇನ್ನು ಒಂದಕ್ಷರವನ್ನೂ ದಾರಿಯಲ್ಲಿ ದಂಡ ಮಾಡಬಾರದು, ಮೊದಲ ಮಾತು ಹಾಲಿನಲ್ಲೇ ಎಂದು ತುಟಿ ಬಿಗಿದುಕೊಂಡು ಹೋದೆ.

ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರುಗಳು, ಕಂಡಕ್ಟರುಗಳು, ಹೆಂಡಿರು ಮಕ್ಕಳು, ಬಸ್ಸು ತಪ್ಪಿಸಿಕೊಂಡು ಒಳಗೆ ಬಂದವರು. ನಮ್ಮ ಎರಡು ಟೀವಿಗಳ ಮುಂದೆಯೇ ಗುಂಪು. ತಂತಿ ಮೊದಲ ಯಂತ್ರದ ಗುಂಡಿ ಒತ್ತಿದ. ಮೊಲ ಬಂತು. “ನಮ್ಮ ಮೊಲ! ನಮ್ಮ ಮೊಲ!” ಎಂದು ಒಬ್ಬ ನಿವೃತ್ತ ಡ್ರೈವರು ಕೂಗಿಬಿಟ್ಟರು. ಅದು ಅಂಚಿಗೆ ಓಡಿತು. ಮೂಗು ಹೋಯಿತು, ಕಿವಿ ಹೋಯಿತು, ಬೆನ್ನು ಹೋಯಿತು. ನಾನು ಕಾದೆ. ಬಾಲ ಹೋಯಿತು. ಒತ್ತಿದೆ. ಎರಡನೇ ಪರದೆಯಲ್ಲಿ ಸರಿಯಾಗಿ ಮೂಗು! ಮೊಲ ಗಾಳಿಯಲ್ಲಿ ಹಾರಿಯೇ ಬಂತು! ಹಾಲಿಗೆ ಹಾಲೇ ‘ಹೋ’ ಎಂದಿತು. ಮತ್ತೆ ಮತ್ತೆ ಓಡಿಸಿದೆವು, ಒಂದು ಸಲವೂ ಮರಿ ಹಾಕಲಿಲ್ಲ.

ಆಗ ಸೂಪರಿಂಟೆಂಡೆಂಟರು ತಂತಿಯ ಕೈಗೆ ಮೈಕು ಕೊಟ್ಟು, “ಇದು ಹೇಗೆ ಓಡುತ್ತಪ್ಪ? ಸ್ವಲ್ಪ ಹೇಳು” ಅಂದರು. ತಂತಿ ಬೆವೆತ. “ಮೊ... ಮೊ...” ಎಂದು ನಿಂತ. ಯಾರೋ ಕೆಮ್ಮಿದರು. ಎಲ್ಲರ ಕತ್ತೂ ನನ್ನ ಕಡೆ ತಿರುಗಿತು, ಅವನ ಮಾತು ಮುಗಿಸುವವನು ನಾನೇ ಎಂದು ಊರಿಗೇ ಗೊತ್ತಲ್ಲ. ಸೂಪರಿಂಟೆಂಡೆಂಟರು ಮೈಕನ್ನು ಅವನ ಕೈಯಿಂದ ತೆಗೆದುಕೊಳ್ಳಲು ಮುಂದೆ ಬಾಗಿದರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಪರದೆ ನೋಡುತ್ತ ಕೂತಿದ್ದೆ. ಸಂಖ್ಯೆ ಪೂರ್ತಿ ಬರಬೇಕಲ್ಲ.

“ಮೊಲ ಓಡಲ್ಲ ಸಾರ್” ಅಂದ ತಂತಿ. “ನಾವು ಬಿಡಿಸ್ತೀವಿ, ಅಳಿಸ್ತೀವಿ, ಪ... ಪಕ್ಕದಲ್ಲಿ ಮತ್ತೆ ಬಿಡಿಸ್ತೀವಿ. ಓಡ್ತಿದೆ ಅಂದ್ಕೊಳ್ಳೋದು ನಿಮ್ಮ ಕಣ್ಣು. ಚಿತ್ರ ನಮ್ಮ ಅಕ್ಕಂದು. ಗುಂಡಿ ನಮ್ಮ ಭಾವಂದು.”

ಚಪ್ಪಾಳೆ ನಿಲ್ಲಲೇ ಇಲ್ಲ. ನಾನೂ ಕೈ ನೋಯುವ ಹಾಗೆ ತಟ್ಟಿದೆ.

ಮನೆಗೆ ಬರುವಾಗ ದಾರಿಯಲ್ಲಿ ಇವಳು ನಿಂತು ಕೇಳಿದಳು: “ಅಲ್ಲಾರೀ, ಮಾತಾಡಬಹುದು ಅಂತ ಡಾಕ್ಟರು ಬೆಳಿಗ್ಗೆನೇ ಹೇಳಿದ್ರಲ್ಲ? ವಾರದಿಂದ ಭಾಷಣ ತಯಾರು ಮಾಡ್ಕೊಂಡು, ಅಲ್ಲಿ ಯಾಕೆ ಮಣ್ಣು ತಿಂದ ಹಾಗೆ ಕೂತಿದ್ರಿ?”

ಹಣೆ ಚಚ್ಚಿಕೊಂಡೆ. ಮರೆತೇ ಹೋಗಿತ್ತು! ವಯಸ್ಸಾಯಿತು ಅಂತ ಕಾಣುತ್ತದೆ.

ಸೋಮವಾರ, ಜುಲೈ 15

ಮನೆಗೆ ಬಂದವನೇ ಬರೆಯಲು ಕೂತಿದ್ದೇನೆ.

ಮೈಕಿನ ಕೊಠಡಿ ಹಾಗೆಯೇ ಇತ್ತು. ನನ್ನ ಕುರ್ಚಿ, ಗಾಜಿನ ಕಿಟಕಿ, ಆಚೆ ಬೆಂಚುಗಳು. ಪಕ್ಕದಲ್ಲಿ ಹೊಸ ಯಂತ್ರ, ಅದರ ಹಸಿರು ಗುಂಡಿಯ ಹತ್ತಿರ ಸೂಪರಿಂಟೆಂಡೆಂಟರು. ತಂತಿ ಅಂಗಡಿಗೆ ಬೀಗ ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಮೈಕು ಹತ್ತಿರ ಎಳೆದುಕೊಂಡೆ.

“ಪ್ರಯಾಣಿಕರ ಗಮನಕ್ಕೆ. ಮೂರನೇ ಪ್ಲಾಟ್‌ಫಾರ್ಮಿನಿಂದ...”

ಅಲ್ಲಿಗೆ ದನಿ ಸಿಕ್ಕಿಕೊಂಡಿತು. ‘ಹೊ’ ಎನ್ನಲು ಹೋದರೆ ಬರೀ ಗಾಳಿ. ಮತ್ತೆ ಪ್ರಯತ್ನಿಸಿದೆ, ಮತ್ತೆ ಗಾಳಿ. ಗಾಜಿನಾಚೆ ಜನರೆಲ್ಲ ತಲೆ ಎತ್ತಿ ಸ್ಪೀಕರು ನೋಡುತ್ತಿದ್ದರು. ಮುಂದಿನ ಮಾತು ನನಗೆ ಗೊತ್ತು, ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ಇದು ಹೀಗಿರುತ್ತದೆ ಎಂದು ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಸೂಪರಿಂಟೆಂಡೆಂಟರ ಬೆರಳು ಹಸಿರು ಗುಂಡಿಯ ಕಡೆ ಹೋಯಿತು. ಪಾಪ, ನನಗೆ ಉಪಕಾರ ಮಾಡಲೆಂದೇ.

ತಂತಿ ಅವರ ಕೈಯನ್ನು ಮೆಲ್ಲಗೆ ಹಿಡಿದ.

“ಇ... ಇರಿ ಸಾರ್. ಬರುತ್ತೆ.”

ನನ್ನ ಬಾಯಿಯನ್ನು ಅವನು ನೋಡಲಿಲ್ಲ. ಕಿಟಕಿಯಾಚೆ ನಿಂತಿದ್ದ ಬಸ್ಸನ್ನು ನೋಡುತ್ತ ನಿಂತ.

ಬಂತು. ಹಳೆಯ ದನಿಯಲ್ಲ, ಒರಟು ದನಿ, ಆದರೆ ನನ್ನದೇ. “...ಹೊರಡುವ ಬಸ್ಸು ಸಿದ್ಧವಾಗಿದೆ” ಎಂದು ಪೂರ್ತಿ ಹೇಳಿದೆ. ಸೂಪರಿಂಟೆಂಡೆಂಟರು ಗುಂಡಿಯಿಂದ ಕೈ ತೆಗೆದು ಯಂತ್ರದ ವೈರು ಕಿತ್ತರು. ಕೆಳಗೆ ಡ್ರೈವರು ಬಾಗಿಲು ತೆರೆದುಕೊಂಡು ಇನ್ನೂ ಅಲ್ಲೇ ನಿಂತಿದ್ದ, ನನ್ನ ಮಾತು ಮುಗಿಯಲಿ ಎಂದು.